ಮುಂಗೈ ಮೇಲೆ ಗೋಧೂಳಿ

ಮೊದಲೇ ಹೇಳಿಬಿಡುತ್ತೇನೆ, ಈ ಸೆಂಟು ಮೊದಲ ಸಲ ನನಗೆ ಹಿಡಿಸಲಿಲ್ಲ. ಊಟವಾದ ಮೇಲೆ ಹೋಟೆಲಿನಲ್ಲಿ ಬಿಲ್ಲಿನ ಜೊತೆ ತಂದಿಡುವ ಸೋಂಪಿನ ಬಟ್ಟಲಿಗೆ ಯಾರೋ ಹಲ್ಲುನೋವಿನ ಲವಂಗದೆಣ್ಣೆ ಚೆಲ್ಲಿದ ಹಾಗಿತ್ತು. ಪಕ್ಕದಲ್ಲಿದ್ದ ಅಕ್ಕ ಒಮ್ಮೆ ಮೂಸಿ, "ಇದಕ್ಕೆ ಯಾಕೆ ದುಡ್ಡು ಕೊಡಬೇಕು? ನಮ್ಮೂರಿನ ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಂತರೆ ಬಿಟ್ಟಿಯಾಗಿ ಸಿಗುತ್ತದೆ" ಎಂದಳು. ನಗು ತಡೆಯಲಾಗದೆ ಇಬ್ಬರೂ ಗೋಡೆಯ ಕಡೆ ತಿರುಗಿ ನಿಂತೆವು.

ಅದು 2019ರ ಮೇ ತಿಂಗಳು. ಅಕ್ಕನ ಮಗ ಫ್ರಾನ್ಸಿನ ತುಲೂಸ್‌ನಲ್ಲಿ ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗುವ ದಾರಿಯಲ್ಲಿ ಎರಡು ದಿನ ಪ್ಯಾರಿಸ್ಸಿನಲ್ಲಿ ಉಳಿದಿದ್ದೆವು. ನಾವು ನಗು ನುಂಗುತ್ತಿದ್ದ ಜಾಗ ಷಾಂಜ್ ಎಲಿಜೆ ಬೀದಿಯ 68ನೆಯ ನಂಬರಿನ ಗೆರ್ಲಾಂ ಅಂಗಡಿ. 1828ರಲ್ಲಿ ಮನೆತನದ ವ್ಯಾಪಾರವಾಗಿ ಶುರುವಾದ ಸೆಂಟಿನ ಕಂಪನಿ ಅದು. ಈ ಅಂಗಡಿ ಬಾಗಿಲು ತೆರೆದದ್ದು 1914ರಲ್ಲಿ. ಒಳಗೆಲ್ಲ ಅಮೃತಶಿಲೆ. ಫ್ರಾನ್ಸಿನ ಚಕ್ರವರ್ತಿನಿ ಯೂಜೆನಿಗಾಗಿ 1853ರಲ್ಲಿ ಮಾಡಿದ, ಮೈತುಂಬ ಜೇನುನೊಣಗಳು ಉಬ್ಬಿ ನಿಂತ ಬಾಟಲಿಯ ಮಾದರಿಯನ್ನು ಇಂದಿಗೂ ಸಾಲಾಗಿ ಜೋಡಿಸಿಟ್ಟಿದ್ದಾರೆ. ಹವಾಯಿ ಚಪ್ಪಲಿಯಲ್ಲಿ ಬಂದಿದ್ದರೆ ಒಳಗೆ ಬಿಡುತ್ತಿದ್ದರೋ ಇಲ್ಲವೋ ಎನ್ನಿಸುವಂಥ ಜಾಗ. ಆದರೆ ಕೌಂಟರಿನ ಹುಡುಗಿ ಸಭ್ಯಸ್ಥೆ. ಸೀರೆಯುಟ್ಟ ಇಬ್ಬರು ಹೆಂಗಸರು ಏನನ್ನೂ ಕೊಳ್ಳುವುದಿಲ್ಲವೆಂದು ಗೊತ್ತಿದ್ದೂ ಕಾಗದದ ಪಟ್ಟಿಗಳ ಮೇಲೆ ಒಂದೊಂದಾಗಿ ಸಿಂಪಡಿಸಿ ಕೊಡುತ್ತಲೇ ಹೋದಳು.

ಸೆಂಟಿನ ಹೆಸರು ಲೋರ್ ಬ್ಲೂ. ಫ್ರೆಂಚರು ಹೀಗೆ ಹೇಳುವುದಿಲ್ಲ. ಅವರಂತೆ ಹೇಳಬೇಕಾದರೆ ಸೀಟಿ ಹೊಡೆಯುವವರ ಹಾಗೆ ತುಟಿ ಚಾಚಬೇಕು, ಅದು ನನ್ನಿಂದಾಗದು. ಅರ್ಥ 'ನೀಲಿ ಹೊತ್ತು'. ಸೂರ್ಯ ಮುಳುಗಿ, ಮೊದಲ ನಕ್ಷತ್ರ ಇನ್ನೂ ಕಾಣದಿರುವ ಗಳಿಗೆ. ಜಾಕ್ ಗೆರ್ಲಾಂ 1912ರಲ್ಲಿ ಇದನ್ನು ಮಾಡಿದ. ನಮ್ಮಲ್ಲಿ ಅದೇ ಹೊತ್ತಿಗೆ ಗೋಧೂಳಿ ಎನ್ನುತ್ತೇವೆ. ಅವರ ಮಾತಿನಲ್ಲಿ ಆ ಹೊತ್ತಿಗಿರುವುದು ಆಕಾಶದ ಬಣ್ಣ, ನಮ್ಮದರಲ್ಲಿ ದನ ಎಬ್ಬಿಸಿದ ಧೂಳು. ಈ ಸೆಂಟಿನ ಮಟ್ಟಿಗೆ ನಮ್ಮ ಹೆಸರೇ ಹೆಚ್ಚು ಸರಿ ಎಂದು ಆಮೇಲೆ ತಿಳಿಯಿತು, ಏಕೆಂದರೆ ಇದರ ಜೀವವಿರುವುದು ಧೂಳಿನಲ್ಲಿ, ಪುಡಿಯಲ್ಲಿ.

ಅಂಗಡಿಯಲ್ಲಿ ಕೊಟ್ಟ ಕಾಗದದ ಪಟ್ಟಿಯನ್ನು ಎಸೆಯಲು ಬುಟ್ಟಿ ಕಾಣದೆ ಪರ್ಸಿನೊಳಗೆ ಹಾಕಿಕೊಂಡಿದ್ದೆ. ಮರುದಿನ ತುಲೂಸ್ ರೈಲಿನಲ್ಲಿ ಟೀಗೆ ಚಿಲ್ಲರೆ ತೆಗೆಯಲು ಪರ್ಸು ಬಿಚ್ಚಿದರೆ, ನೋಟುಗಳಿಂದ ಬೇರೆಯೇ ಏನೋ ಬಂತು. ಸೋಂಪಿಲ್ಲ, ಲವಂಗವಿಲ್ಲ. ಮೆತ್ತಗೆ, ಒಣಗಿದ, ಸಿಹಿಯಾದ, ಎಲ್ಲೋ ಕಂಡಿದ್ದೇನೆ ಎನ್ನಿಸುವ ಒಂದು ಘಮ. ಟೀ ಮಾರುವವನು ಕಾಯುತ್ತಿದ್ದ. ನಾನು ಪರ್ಸಿನೊಳಗೆ ಮೂಗು ತೂರಿಸಿ ಕುಳಿತಿದ್ದೆ. ಹಿಂದಿನ ದಿನ ಹತ್ತು ನಿಮಿಷಕ್ಕೆ ತೀರ್ಪು ಕೊಟ್ಟು ಬಂದದ್ದು ತಪ್ಪಾಯಿತು ಎನ್ನಿಸಿದ್ದು ಆಗಲೇ.

ಊರಿಗೆ ಬಂದ ಮೇಲೆ ವರ್ಷಗಟ್ಟಲೆ ಸುಮ್ಮನಿದ್ದೆ. 75 ಮಿಲಿಲೀಟರಿನ ಬಾಟಲಿಗೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಪಿಂಚಣಿದಾರಳಿಗೆ ಅದು ಒಪ್ಪುವ ಲೆಕ್ಕವಲ್ಲ. ಕಳೆದ ವರ್ಷ, ದೊಡ್ಡ ಬಾಟಲಿಯಿಂದ ಚಿಕ್ಕ ಸೀಸೆಗೆ ಬಗ್ಗಿಸಿ ಅಂಚೆಯಲ್ಲಿ ಕಳುಹಿಸುವವರಿದ್ದಾರೆ ಎಂದು ತಿಳಿದು 5 ಮಿಲಿಲೀಟರ್ ತರಿಸಿದೆ. ಮುಚ್ಚಳ ಸರಿಯಾಗಿ ಕೂರದೆ ಮೂರರಲ್ಲೊಂದು ಪಾಲು ದಾರಿಯಲ್ಲೇ ಸೋರಿತ್ತು. ಅಂಚೆಯವನು ಲಕೋಟೆಯನ್ನು ಮಾರು ದೂರ ಹಿಡಿದುಕೊಂಡು ಗೇಟಿನಲ್ಲೇ ನಿಂತು, "ಮೇಡಂ, ಒಳಗೇನಿದೆ?" ಎಂದು ಕೇಳಿದ. ಕಳುಹಿಸಿದವರಿಗೆ ಬರೆದೆ, ಉತ್ತರ ಇನ್ನೂ ಬರಬೇಕಿದೆ.

ನಾನು 31 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಆದ್ದರಿಂದ ಸೆಂಟನ್ನೂ ಲ್ಯಾಬಿನ ಶಿಸ್ತಿನಿಂದಲೇ ನೋಡಿದೆ, ಕ್ಷಮಿಸಬೇಕು. ಜುಲೈ ತಿಂಗಳು, ಮಲೆನಾಡಿನ ನಮ್ಮ ಸಾಗರ ಊರಿನ ಮಳೆ. ಡಬ್ಬಿಯಲ್ಲಿ ಉಪ್ಪು ನೀರಾಗಿದೆ, ಹಗ್ಗದ ಮೇಲೆ ಬಟ್ಟೆ ಮೂರು ದಿನದಿಂದ ತೂಗುತ್ತಿದೆ, ಮನೆಯೆಲ್ಲ ಮುಗ್ಗಲು. ಸೋಪು ಮುಟ್ಟದೆ ಬರೀ ಬಿಸಿನೀರಿನಲ್ಲಿ ಸ್ನಾನ ಮಾಡಿ, ಸಂಜೆ ಆರೂ ಹತ್ತಕ್ಕೆ ಎಡ ಮುಂಗೈಗೆ ಎರಡು ಹನಿ ಬಿಟ್ಟುಕೊಂಡೆ. ಬಲ ಮುಂಗೈ ಖಾಲಿ. ಹೋಲಿಸಿ ನೋಡಲು ಅದು ಬೇಕು. ಹತ್ತಿಯ ಕರ್ಚೀಪಿಗೆ ಒಂದು ಹನಿ. ಹಳೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆಗೆ ಇನ್ನೊಂದು. ಹಚ್ಚಿಕೊಂಡ ಕೈಯನ್ನು ಇನ್ನೊಂದಕ್ಕೆ ತಿಕ್ಕಬಾರದು. ಎಲ್ಲರೂ ತಿಕ್ಕುತ್ತಾರೆ. ತಿಕ್ಕಿದರೆ ಚರ್ಮ ಬಿಸಿಯಾಗಿ, ಮೊದಲು ಹಾರಿಹೋಗಬೇಕಾದದ್ದು ಇನ್ನೂ ಬೇಗ ಹಾರಿಹೋಗುತ್ತದೆ, ಅಷ್ಟೆ ಲಾಭ.

ಮೊದಲ ಎರಡು ನಿಮಿಷ ಬರ್ಗಮಾಟ್. ನಿಂಬೆಯ ಸಿಪ್ಪೆಯನ್ನು ಮಡಿಸಿ ದೀಪದ ಎದುರು ಹಿಂಡಿದರೆ ಚಿಟಿಚಿಟಿ ಹಾರುವ ಎಣ್ಣೆಯಿದೆಯಲ್ಲ, ಅದರ ದೊಡ್ಡ ಮನೆಯ ನೆಂಟ. ಹಗುರ ಅಣುಗಳು, ಕಾಯುವುದಿಲ್ಲ. ದೇವರ ದೀಪ ಹಚ್ಚಿ ಬರುವಷ್ಟರಲ್ಲಿ ಅದು ಇರಲಿಲ್ಲ. ಆಮೇಲೆ ಆ ಸೋಂಪು, ಅದರ ಬೆನ್ನಿಗೆ ಲವಂಗದ ಘಾಟು. ಲವಂಗ ಎಂದು ನಾನು ಹೇಳುವುದು ಕಾರ್ನೇಷನ್ ಹೂವಿನ ಭಾಗ. ಆ ಹೂವಿನ ಕಂಪಿನಲ್ಲೂ ಲವಂಗದಲ್ಲೂ ಇರುವುದು ಯೂಜಿನಾಲ್ ಎಂಬ ಒಂದೇ ರಾಸಾಯನಿಕ. ಹಲ್ಲಿನ ಡಾಕ್ಟರು ಬಳಸುವುದೂ ಅದನ್ನೇ, ಅಕ್ಕನ ಮೂಗು ಸುಳ್ಳು ಹೇಳಿರಲಿಲ್ಲ. ಈ ಹತ್ತು ಹದಿನೈದು ನಿಮಿಷಗಳಲ್ಲಿ ಸೆಂಟು ನಿಜವಾಗಿಯೂ ಒರಟು. ಕೇಳಿದವರಿಗೆಲ್ಲ ನಾನು ಹೇಳುವುದು, ಹಚ್ಚಿಕೊಂಡು ಸೀರೆ ಉಡಲು ಹೋಗಿ, ಉಟ್ಟು ಬಂದ ಮೇಲೆ ಮೂಸಿ.

ಇಪ್ಪತ್ತನೆಯ ನಿಮಿಷಕ್ಕೆ ಹೂವು. ಕಿತ್ತಳೆ ಹೂವು ಮೇಲೆ, ಸುಗಂಧರಾಜ ಕೆಳಗೆ. ನಮ್ಮ ಹಿತ್ತಿಲಲ್ಲಿ ಒಂದು ಹೇರಳೆ ಗಿಡವಿತ್ತು. ಅದು ಹೂಬಿಟ್ಟ ವಾರ ಬಚ್ಚಲಿಗೆ ಹೋಗುವಾಗ ಬರುತ್ತಿದ್ದ ಜೇನು ಬೆರೆತ ಒಗರು ಕಂಪಿಗೆ ಇದು ಹತ್ತಿರ. ಸುಗಂಧರಾಜವಂತೂ ಪರಿಚಯ ಬೇಡದ ಹೂವು. ಮದುವೆ ಹಾರದಿಂದ ಹೆಣದ ಹಾರದವರೆಗೆ ಎಲ್ಲ ಕಡೆ ಇದೆ. ಹಾಗಾಗಿ ನನಗೊಂದು ಅಳುಕಿತ್ತು, ಸಭಾಭವನದ ವಾಸನೆ ಬಂದರೆ ಗತಿಯೇನು ಎಂದು. ಬರಲಿಲ್ಲ. ಹೂವುಗಳನ್ನು ಇಲ್ಲಿ ಬಿಡಿಬಿಡಿಯಾಗಿ ಗುರುತಿಸಲಾಗುವುದಿಲ್ಲ. ದಂಡೆ ಕಟ್ಟಿದವರು ಎಷ್ಟು ಒತ್ತಾಗಿ ಕಟ್ಟಿದ್ದಾರೆಂದರೆ ನಾರೂ ಕಾಣುವುದಿಲ್ಲ, ಎಸಳೂ ಕಾಣುವುದಿಲ್ಲ.

ಏಳು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ಮಳೆ ಜೋರಾಗಿತ್ತು. ಮೇಣದ ಬತ್ತಿ ಹುಡುಕಲು ಡ್ರಾಯರಿಗೆ ಕೈಹಾಕಿದಾಗ ಮುಂಗೈ ಮೂಗಿನ ಹತ್ತಿರ ಹಾದುಹೋಯಿತು, ಅಲ್ಲೇ ನಿಂತೆ. ಸೆಂಟು ಮಗ್ಗುಲು ಬದಲಿಸಿತ್ತು. ಲವಂಗದ ಮೂಲೆಗಳನ್ನೆಲ್ಲ ಯಾರೋ ಮರಳು ಕಾಗದದಲ್ಲಿ ಉಜ್ಜಿ ಮಟ್ಟಸ ಮಾಡಿದ್ದರು. ಹಾಲಿನಲ್ಲಿ ಅರೆದ ಬಾದಾಮಿ, ಜರಡಿ ಹಿಡಿದ ಮೈದಾ, ಮತ್ತೆ, ನಗಬೇಡಿ, ಪೌಡರ್ ಡಬ್ಬಿಯ ಮುಚ್ಚಳ ತಿರುಗಿಸಿದಾಗ ತೂತುಗಳ ಸುತ್ತ ಕುಳಿತಿರುತ್ತದಲ್ಲ, ಆ ಬಿಳಿ ಧೂಳು.

ವಾಸನೆಗೆ ಪುಡಿಯ ಗುಣ ಬರುವುದು ಹೇಗೆ? ವಾಸನೆ ಎಂದರೆ ಗಾಳಿಯಲ್ಲಿ ತೇಲಿ ಬರುವ ಅಣುಗಳು. ಅದರಲ್ಲಿ ಹಿಟ್ಟಿಲ್ಲ, ಧೂಳಿಲ್ಲ. ಆದರೂ ಮೂಗಿನ ಒಳಗೋಡೆಗೆ ಏನೋ ಒಣಗಿದ್ದು ಮೆತ್ತಿಕೊಂಡ ಹಾಗಾಗುತ್ತದೆ. ಕನ್ನಡದಲ್ಲಿ ವಾಸನೆಗೆ ಎಷ್ಟೊಂದು ಮಾತುಗಳಿವೆ: ಘಮ, ಕಂಪು, ಗಮಲು, ಘಾಟು, ಕಮಟು, ಸೊಗಡು, ಮುಗ್ಗಲು, ಸೀಕಲು. ಈ ಒಂದಕ್ಕೆ ಮಾತ್ರ ಒಂದೇ ಮಾತಿಲ್ಲ. ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡ ಹಾಗೆ ಎಂದರೆ ಅರ್ಧ ಹೇಳಿದಂತಾಯಿತು. ಒಣಗಿದ ಸುರಗಿ ಹೂವು ಕಂಡವರಿಗೆ ಉಳಿದರ್ಧ ತಿಳಿದೀತು. ಸುರಗಿಯೂ ಬಕುಳವೂ ಹಸಿಯಾಗಿದ್ದಾಗ ಒಂದು ಬಗೆ, ಬಾಡಿ ಗರಿಗರಿಯಾದ ಮೇಲೆ ಇನ್ನೊಂದು ಬಗೆ. ಒಣಗಿದ ಮೇಲೂ ಪರಿಮಳ ಬಿಡದೆ, ಆದರೆ ಅದರೊಳಗಿನ ನೀರೆಲ್ಲ ಇಂಗಿಹೋದ ಹಾಗೆ. ಈ ಸೆಂಟಿನ ನಡುಭಾಗ ಅಂಥದ್ದು, ನೀರಿಂಗಿದ ಹೂವು.

ಕಾರಣಗಳನ್ನು ಹುಡುಕಿದರೆ ಮೂರು ಸಿಗುತ್ತವೆ. ಐರಿಸ್ ಒಂದು. ಅದರ ಪರಿಮಳ ಇರುವುದು ಹೂವಿನಲ್ಲಲ್ಲ, ಗಡ್ಡೆಯಲ್ಲಿ. ಇಟಲಿಯ ಟಸ್ಕನಿಯಲ್ಲಿ ಗಡ್ಡೆ ಕಿತ್ತು, ಸಿಪ್ಪೆ ಹೆರೆದು, ಒಣಗಿಸಿ, ಮೂರು ವರ್ಷದಷ್ಟು ಕಾಲ ಸುಮ್ಮನೆ ಇಡುತ್ತಾರೆ. ಹಸಿ ಗಡ್ಡೆಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಅದು ಹುಟ್ಟುವುದೇ ಕಾದ ಮೇಲೆ. ಎರಡನೆಯದು ವಯೊಲೆಟ್ ಹೂವಿನ ಅಯೊನೋನ್. ಟೀಮನ್ ಮತ್ತು ಕ್ರೂಗರ್ ಎಂಬ ಜರ್ಮನ್ನರು 1893ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವವರೆಗೆ ವಯೊಲೆಟ್ ಪರಿಮಳ ಸಿರಿವಂತರ ಸ್ವತ್ತಾಗಿತ್ತು. ಈ ಅಯೊನೋನ್ ಬಹಳ ತುಂಟ. ಮೂಗನ್ನು ಬೇಗ ದಣಿಸಿಬಿಡುತ್ತದೆ. ಒಂದು ಸಲ ಮೂಸಿದರೆ ಇದೆ, ಎರಡನೆಯ ಸಲ ಇಲ್ಲ, ಅಡುಗೆಮನೆಗೆ ಹೋಗಿ ಹಾಲು ಕೆಳಗಿಳಿಸಿ ಬಂದರೆ ಮತ್ತೆ ಇದೆ. ಆ ಮಳೆಯ ಕತ್ತಲೆಯಲ್ಲಿ ನಾನು ಕೈಯನ್ನು ಮೂಗಿಗೆ ಒಯ್ಯುವುದು, ಇಳಿಸುವುದು ಮಾಡುತ್ತಿದ್ದುದನ್ನು ಕಂಡು ಅಕ್ಕ, "ಸೊಳ್ಳೆಯಾ?" ಎಂದು ಕೇಳಿದಳು.

ಮೂರನೆಯ ಕಾರಣದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಅದು ನನ್ನ ಪಾಠದ ವಿಷಯ. ಆ ಬಾದಾಮಿ ಘಮ ಹೆಲಿಯೊಟ್ರೋಪ್ ಎಂಬ ಹೂವಿನದು. ಅದರ ಒಬ್ಬ ಬಡ ನೆಂಟ ನಮ್ಮ ರಸ್ತೆ ಬದಿಯಲ್ಲೂ ಇದೆ, ತೆನೆ ಚೇಳಿನ ಬಾಲದಂತೆ ಸುರುಳಿಯಾಗಿರುವ ಕಳೆ; ಅದಕ್ಕೆ ಪರಿಮಳವಿಲ್ಲ. ಸೆಂಟಿಗೆ ಹಾಕುವುದು ಹೂವನ್ನಲ್ಲ, ಹೆಲಿಯೊಟ್ರೋಪಿನ್ ಎಂಬ ಬಿಳಿ ಹರಳನ್ನು. ಪುಸ್ತಕದಲ್ಲಿ ಅದರ ಇನ್ನೊಂದು ಹೆಸರು ಪಿಪರೊನಾಲ್. ಪೈಪರ್ ಎಂದರೆ ಮೆಣಸು. ನಮ್ಮ ಅಡಿಕೆ ಮರಕ್ಕೆ ಹಬ್ಬಿರುವ ಅದೇ ಕರಿಮೆಣಸು. ಅದರ ಖಾರಕ್ಕೆ ಕಾರಣವಾದ ಪಿಪರಿನ್ ಅನ್ನು 1819ರಲ್ಲಿ ಬೇರ್ಪಡಿಸಿದವನು ಡೆನ್ಮಾರ್ಕಿನ ಓರ್ಸ್ಟೆಡ್. ವಿದ್ಯುತ್ ಹರಿಯುವ ತಂತಿಯ ಪಕ್ಕ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಮರುವರ್ಷ ಕಂಡವನೂ ಅವನೇ. ಪಿಪರಿನ್ ಅನ್ನು ಕ್ಷಾರದಲ್ಲಿ ಕುದಿಸಿದರೆ ಪಿಪರಿಕ್ ಆಮ್ಲ ಸಿಗುತ್ತದೆ. ಅದನ್ನು ಪರ್ಮಾಂಗನೇಟಿನಿಂದ ಉತ್ಕರ್ಷಿಸಿದರೆ ಖಾರವೆಲ್ಲ ಹೋಗಿ ಈ ಸಿಹಿ ಹರಳು. ಇಂದು ಕಾರ್ಖಾನೆಗಳು ಬೇರೆ ದಾರಿಯಲ್ಲಿ ಮಾಡುತ್ತವೆ, ಮೆಣಸು ಹಾಕಿ ಮಾಡಿದರೆ ದಿವಾಳಿಯಾಗುತ್ತಾರೆ. ಕೆಲವು ಮಾದಕ ವಸ್ತುಗಳನ್ನು ತಯಾರಿಸಲೂ ಇದೇ ಹರಳು ಬೇಕಾಗುವುದರಿಂದ ಅಂತರರಾಷ್ಟ್ರೀಯ ಒಪ್ಪಂದದ ಕಣ್ಗಾವಲಿನಲ್ಲೂ ಇದೆ. ಬಾದಾಮಿ ಹಾಲಿನಂಥ ಮುಖ ಹೊತ್ತ ವಸ್ತುವಿಗೆ ಎಂಥ ಚರಿತ್ರೆ!

ಇನ್ನೊಂದು ವಿಷಯ. ಪಿಪರೊನಾಲ್ ಕರಗುವುದು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈಯ ಶಾಖದಲ್ಲಿ. ಅಂಗೈಯಲ್ಲಿಟ್ಟುಕೊಂಡರೆ ಮೆಲ್ಲಗೆ ಬೆವರುತ್ತದೆ. ಸೆಂಟಿನಲ್ಲಿ ಅದು ಮದ್ಯಸಾರದಲ್ಲಿ ಮೊದಲೇ ಕರಗಿರುತ್ತದೆ, ಹಾಗಾಗಿ ಈ ಅಂಕಿಗೂ ಮುಂಗೈ ಮೇಲೆ ನಡೆಯುವುದಕ್ಕೂ ನೇರ ಸಂಬಂಧವಿಲ್ಲ. ವಿದ್ಯಾರ್ಥಿ ಯಾರಾದರೂ ಸಂಬಂಧ ಕಲ್ಪಿಸಿ ಉತ್ತರ ಬರೆದಿದ್ದರೆ ನಾನೇ ಅಂಕ ಕತ್ತರಿಸುತ್ತಿದ್ದೆ. ಆದರೂ ಆ 37ನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಎಂಟರಿಂದ ಹತ್ತರವರೆಗಿನ ಹೊತ್ತು ಈ ಸೆಂಟಿನ ಒಳ್ಳೆಯ ಕಾಲ. ಪುಡಿ ಮೇಲೆ, ಸಿಹಿ ಅಡಿಯಲ್ಲಿ. ಸಿಹಿ ಎಂದರೆ ಮುಖ್ಯವಾಗಿ ವೆನಿಲ್ಲಾ, ಜೊತೆಗೆ ಟೊಂಕಾ ಬೀಜದ ಕೂಮರಿನ್, ಅದು ಒಣಹುಲ್ಲಿನ ಬಣವೆಗೆ ಸ್ವಲ್ಪ ಬೆಲ್ಲ ಸೋಕಿದ ಹಾಗೆ. ವೆನಿಲ್ಲಾ ಎಂದರೆ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. 2000ದ ಮೊದಲ ವರ್ಷಗಳಲ್ಲಿ ಮಲೆನಾಡಿಗೆಲ್ಲ ವೆನಿಲ್ಲಾ ಹುಚ್ಚು ಹಿಡಿದಾಗ ಅಣ್ಣನೂ ಹಬ್ಬಿಸಿದ್ದ. ಬೆಳಗ್ಗೆ ಹೂವು ಅರಳಿದೊಡನೆ ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು, ಮಧ್ಯಾಹ್ನಕ್ಕೆ ಹೂವು ಬಾಡುತ್ತದೆ. ಕೋಡು ಬೆಳೆದು ಕೊಯ್ಲಿಗೆ ಬರುವಷ್ಟರಲ್ಲಿ ಬೆಲೆ ನೆಲಕಚ್ಚಿತ್ತು. ಹಸಿ ಕೋಡಿಗೆ ಪರಿಮಳವಿಲ್ಲ, ಹದ ಮಾಡಿದ ಮೇಲಷ್ಟೆ ಬರುತ್ತದೆ. ಐರಿಸ್ ಗಡ್ಡೆಯ ಹಾಗೆ ಇದೂ ನಮ್ಮನ್ನು ಕಾಯುವಂತೆ ಮಾಡುವ ಜಾತಿಯೇ. ಅಣ್ಣ ಹದ ಮಾಡಿದ ಒಂದು ಕಟ್ಟು ಮಾರಾಟವಾಗದೆ ಅತ್ತಿಗೆಯ ಸೀರೆಗಳ ನಡುವೆ ಉಳಿದಿತ್ತು. ಸೆಂಟಿನ ಈ ಭಾಗದಲ್ಲಿ ನನಗೆ ಬರುವುದು ಐಸ್ ಕ್ರೀಮಿನ ವೆನಿಲ್ಲಾ ಅಲ್ಲ, ಆ ಬೀರುವಿನದು. ಸ್ವಲ್ಪ ತೊಗಲು, ಸ್ವಲ್ಪ ಮರ, ಸಿಹಿ ಆಮೇಲೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಮೆಣಸು, ವೆನಿಲ್ಲಾ, ಲವಂಗ, ಸೋಂಪು, ಸುಗಂಧರಾಜ ಎಂದು ಪಟ್ಟಿ ಮಾಡಿ, ನೋಡಿ, ಇದೆಲ್ಲ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವವರು ಇದ್ದಾರೆ. ವೆನಿಲ್ಲಾ ಬಳ್ಳಿಯೂ ಸುಗಂಧರಾಜದ ಗಡ್ಡೆಯೂ ಮೆಕ್ಸಿಕೋ ಕಡೆಯಿಂದ ಬಂದವು. ಸಾಮಾನು ಯಾರದಾದರೇನು, ಅಡುಗೆ ಜಾಕ್ ಗೆರ್ಲಾಂನದು. ಅವನ ದೊಡ್ಡಪ್ಪ ಐಮೆ ಗೆರ್ಲಾಂ 1889ರಲ್ಲೇ ಜಿಕಿ ಎಂಬ ಸೆಂಟಿನಲ್ಲಿ ಕೂಮರಿನ್ ಮತ್ತು ವೆನಿಲಿನ್ ಎಂಬ ಪ್ರಯೋಗಾಲಯದ ಹರಳುಗಳನ್ನು ಹೂವುಗಳ ಜೊತೆ ಕೂರಿಸಿ ತೋರಿಸಿದ್ದ. ಆ ಕೈಯ ಕೆಳಗೆ ಕಲಿತವನಿಗೆ ಯಾವುದನ್ನು ಎಷ್ಟು ಹೊತ್ತು ಬಚ್ಚಿಡಬೇಕು ಎನ್ನುವುದು ಗೊತ್ತಿತ್ತು.

ರಾತ್ರಿ ಹನ್ನೊಂದೂವರೆ. ಮಲಗಲು ಹೊರಟ ಅಕ್ಕ ನನ್ನ ಹೊದಿಕೆ ಸರಿಪಡಿಸಲು ಬಗ್ಗಿದವಳು ಹಾಗೇ ನಿಂತಳು. "ಬಾಣಂತಿ ಕೋಣೆಗೆ ಹೋಗಿ ಬಂದ ಹಾಗಿದ್ದೀಯಲ್ಲೇ" ಎಂದಳು.

ಐದು ತಾಸುಗಳಿಂದ ನಾನು ಹುಡುಕುತ್ತಿದ್ದ ಮಾತು ಅದು. ರೈಲಿನಲ್ಲಿ ಪರ್ಸಿನೊಳಗೆ ಕಂಡದ್ದೂ ಅದೇ. ಸೆಂಟಿನ ತಳದಲ್ಲಿ ಬೆಂಜೊಯಿನ್ ಇದೆ, ಅಂದರೆ ನಮ್ಮ ಸಾಂಬ್ರಾಣಿ. ಕೂಸಿಗೆ ಎಣ್ಣೆ ಹಚ್ಚಿ ಎರೆದು, ಒರೆಸಿ, ಕೆಂಡದ ಮೇಲೆ ಸಾಂಬ್ರಾಣಿ ಪುಡಿ ಉದುರಿಸಿ, ಬುಟ್ಟಿ ಮುಚ್ಚಿ, ಅದರ ಮೇಲೆ ಕೂಸಿನ ತಲೆ ಒಣಗಿಸುತ್ತಿದ್ದರು. ಆಮೇಲೆ ಕುತ್ತಿಗೆಯ ಮಡಿಕೆಗಳಿಗೆ ಪೌಡರ್. ಬಾಗಿಲು ಹಾಕಿದ ಕೋಣೆಯಲ್ಲಿ ಬಜೆ, ಹಾಲು, ಹೊಗೆ, ಪೌಡರ್ ಎಲ್ಲ ಸೇರಿ, ಗೋಡೆಗೂ ಹಾಸಿಗೆಗೂ ಇಳಿದು ಕೂರುತ್ತಿತ್ತು. ಅಕ್ಕ ತನ್ನ ಮಗನನ್ನು ಹೆತ್ತಾಗ ಮೂರು ತಿಂಗಳು ಆ ಕೋಣೆಯಲ್ಲಿ ಕೆಂಡ ಊದಿದವಳು ನಾನು, ಆಗ ಬಿ.ಎಸ್‌ಸಿ. ಕೊನೆಯ ವರ್ಷ, ಮಡಿಲಲ್ಲಿ ಸಾವಯವ ರಸಾಯನಶಾಸ್ತ್ರದ ಪುಸ್ತಕ, ಕೈಯಲ್ಲಿ ಊದುಗೊಳವೆ. ಆ ಕೂಸೇ ಇಂದು ತುಲೂಸ್‌ನಲ್ಲಿರುವವನು. ಇಷ್ಟು ಹೊತ್ತಿಗೆ ಸೆಂಟಿನಲ್ಲಿ ಹೂವು ಉಳಿದಿರಲಿಲ್ಲ. ಬೆಚ್ಚಗಿನ ಸಾಂಬ್ರಾಣಿ, ಚರ್ಮ, ಒಂದಿಷ್ಟು ಪುಡಿ.

ಬೆಳಗ್ಗೆ ಮುಂಗೈಯಲ್ಲಿ ಏನೂ ಇರಲಿಲ್ಲ. ಹಾಳೆಯಲ್ಲಿ ಸೋಂಪು ಇನ್ನೂ ಸತ್ತಿರಲಿಲ್ಲ. ಕಾಗದಕ್ಕೆ ಶಾಖವಿಲ್ಲ, ಅಲ್ಲಿ ಎಲ್ಲವೂ ಬಹಳ ನಿಧಾನ, ಆದ್ದರಿಂದಲೇ ಅಂಗಡಿಯ ಪಟ್ಟಿ ಮೂಸಿ ತೀರ್ಮಾನಿಸಬಾರದು. ಕರ್ಚೀಪಿನಲ್ಲಿ ನಾಲ್ಕನೆಯ ದಿನವೂ ಪುಡಿ ಹಾಗೆಯೇ ಇತ್ತು. ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡಿ. ಹಳದಿ ಕಲೆ ಬೀಳುತ್ತದೆ, ಇದನ್ನು ನಾನು ಒಂದು ಮೈಸೂರು ಸಿಲ್ಕಿನ ಬೆಲೆ ತೆತ್ತು ಕಲಿತಿದ್ದೇನೆ.

ಒಂದೇ ಸಲದ ಪ್ರಯೋಗ ಪ್ರಯೋಗವಲ್ಲ. ಏಪ್ರಿಲ್ ನಡುಮಧ್ಯಾಹ್ನ ಹಚ್ಚಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಆನಂದಪುರ ದಾಟುವ ಮೊದಲೇ ತಪ್ಪು ತಿಳಿಯಿತು. ಬೆವರಿನಲ್ಲಿ ಸಿಹಿಯೆಲ್ಲ ಒಟ್ಟಿಗೆ ಉಕ್ಕಿ, ಪುಡಿ ಒದ್ದೆಯಾಗಿ ಹಿಟ್ಟಿನ ಮುದ್ದೆಯಾಯಿತು. ಪಕ್ಕದ ಸೀಟಿನವರು ಕಿಟಕಿ ತೆರೆದರು. ಅವರ ಮೇಲೆ ನನಗೆ ಕೋಪವಿಲ್ಲ. ಈ ಸೆಂಟು ಮಳೆಗೆ, ಚಳಿಗೆ, ಹೆಚ್ಚೆಂದರೆ ದಸರೆಯ ನಂತರದ ಸಂಜೆಗಳಿಗೆ. ಅತ್ತಿಗೆಯ ಕೈಗೂ ಒಂದು ಹನಿ ಹಾಕಿ ನೋಡಿದೆ. ಅವರಿಗೆ ಕೊನೆಯವರೆಗೂ ಲವಂಗ ಮತ್ತು ಸಕ್ಕರೆ ಬಿಟ್ಟು ಬೇರೇನೂ ಸಿಗಲಿಲ್ಲವಂತೆ; ಅದೇ ಕೈಯಲ್ಲಿ ನನಗೆ ವಯೊಲೆಟ್ ಚೆನ್ನಾಗಿಯೇ ಸಿಗುತ್ತಿತ್ತು. ಅಯೊನೋನಿನಲ್ಲಿ ಒಂದು ಬಗೆಯ ವಾಸನೆ ಕೆಲವರಿಗೆ ಹುಟ್ಟಿನಿಂದಲೇ ಸರಿಯಾಗಿ ತಿಳಿಯುವುದಿಲ್ಲ, ಅದು ವಂಶವಾಹಿಯ ವಿಷಯ. ಅಂಥವರಿಗೆ ಈ ಸೆಂಟಿನ ಅರ್ಧ ಭಾಗ ನಷ್ಟ. ಕೊಳ್ಳುವ ಮೊದಲು ನಿಮ್ಮ ಮೂಗು ಯಾವ ಕಡೆಯದು ಎಂದು ನೋಡಿಕೊಳ್ಳಿ.

ಅಕ್ಕನ ಸೊಸೆ ವಿಡಿಯೊ ಕರೆಯಲ್ಲಿ ಈ ವಿಷಯ ಕೇಳಿ, "ಚಿಕ್ಕತ್ತೆ, ಅದು ಅಜ್ಜಿಯರ ಸೆಂಟು" ಎಂದಳು. ಹೌದು, ಅಲ್ಲಿನವರಿಗೆ ಹಾಗೆ ಕಾಣುತ್ತದೆ. ಅವರ ಅಜ್ಜಿಯರ ಪೌಡರಿಗೂ ಲಿಪ್‌ಸ್ಟಿಕ್ಕಿಗೂ ಇದೇ ಐರಿಸ್, ಇದೇ ವಯೊಲೆಟ್ ಹಾಕುತ್ತಿದ್ದರು. ನಮ್ಮ ಅಜ್ಜಿಗೆ ಕೊಬ್ಬರಿ ಎಣ್ಣೆ ಮತ್ತು ನಶ್ಯದ ವಾಸನೆಯಿತ್ತು. ಆದ್ದರಿಂದ ನನಗೆ ಇದರಲ್ಲಿ ಮುದುಕಿಯರು ಕಾಣುವುದಿಲ್ಲ, ಕೂಸು ಕಾಣುತ್ತದೆ. ನನಗೂ ಅರವತ್ತಮೂರು, ಅಜ್ಜಿಯ ಸೆಂಟೇ ಆದರೂ ನಷ್ಟವೇನು?

ಇದರ ಅಕ್ಕನಂಥ ಇನ್ನೊಂದು ಸೆಂಟು ಅದೇ ಮನೆಯದು, ಅದೇ ಜಾಕ್ 1906ರಲ್ಲಿ ಮಾಡಿದ ಅಪ್ರೆ ಲೊಂದೆ. 'ಮಳೆ ಬಿಟ್ಟ ಮೇಲೆ' ಎಂದು ಅರ್ಥ. ಅದರಲ್ಲಿ ವಯೊಲೆಟ್ ಹೆಚ್ಚು, ಸಿಹಿ ಕಡಿಮೆ, ಮೈಕಟ್ಟು ತೆಳು. ತುಲೂಸ್‌ನಲ್ಲಿ ಒಂದು ಸಲ ಹಚ್ಚಿಕೊಂಡಿದ್ದೆ, ಎರಡು ಗಂಟೆ ಇತ್ತು. ಚೆಂದ, ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡದೆ ಸುರಿಯುವ ಊರಿನವಳಿಗೆ ಆ ಹೆಸರಿನ ಮೇಲೆ ನಂಬಿಕೆ ಬರುವುದು ಕಷ್ಟ. ಬಾಟಲಿಯ ವಿಷಯಕ್ಕೆ ಬಂದರೆ, ಲೋರ್ ಬ್ಲೂಗೆ ಬಕರಾ ಗಾಜಿನ ಕಾರ್ಖಾನೆ ಮಾಡಿಕೊಟ್ಟದ್ದು ತಲೆಕೆಳಗಾದ ಟೊಳ್ಳು ಹೃದಯದ ಮುಚ್ಚಳವಿದ್ದ ಬಾಟಲಿ. ಏಳು ವರ್ಷ ಬಿಟ್ಟು, ನಡುವೆ ಒಂದು ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಅದೇ ಮನೆಯ ಮಿತ್ಸುಕೊ ಎಂಬ ಸೆಂಟು ಬಂದಾಗ ಅದೇ ಬಾಟಲಿಯನ್ನು ಅದಕ್ಕೂ ಕೊಟ್ಟರು. ನನ್ನ ಹತ್ತಿರ ಇರುವುದು ಪ್ಲಾಸ್ಟಿಕ್ ಮುಚ್ಚಳದ ಸೀಸೆ, ಅದರ ಕತೆ ಆಗಲೇ ಹೇಳಿದೆ.

ಕೊಳ್ಳುವವರಿಗೆ: ನಾನು ಬಳಸಿದ್ದು ಓ ದ ಪರ್ಫ್ಯೂಂ ಎಂಬ ಬಗೆ. ಇದಕ್ಕಿಂತ ಗಾಢವಾದ ಎಕ್ಸ್‌ಟ್ರೆ ಇನ್ನೂ ದುಬಾರಿ, ನಾನು ಮುಟ್ಟಿಲ್ಲ. ನೇರವಾಗಿ ಬಾಟಲಿಗೆ ಹೋಗಬೇಡಿ. ಚಿಕ್ಕ ಸೀಸೆ ತರಿಸಿ, ರಜೆಯ ದಿನ ಸಂಜೆ ಹಚ್ಚಿಕೊಂಡು ಮಲಗುವವರೆಗೆ ಕಾಯಿರಿ. ಎರಡು ಹನಿ ಸಾಕು, ಮೂರನೆಯದು ಪಕ್ಕದ ಮನೆಯವರಿಗೆ. ಬಿಸಿಲು ತಾಗದ ಜಾಗದಲ್ಲಿಡಿ. ನ್ಯಾಫ್ತಲೀನ್ ಗುಳಿಗೆಯ ಬೀರುವಿನಲ್ಲಂತೂ ಖಂಡಿತ ಬೇಡ.

ದೀಪಾವಳಿಗೆ ಬರುತ್ತೇನೆಂದು ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಚಿಕ್ಕಮ್ಮ, ಆ ನೀಲಿ ಸೆಂಟಿನ ದೊಡ್ಡ ಬಾಟಲಿ ತರಲಾ?" ಎಂದು ಕೇಳಿದ. ಸೀಸೆಯಲ್ಲಿ ಇನ್ನೂ ಒಂದು ಮಿಲಿಲೀಟರಿನಷ್ಟು ಉಳಿದಿದೆ, ಸುಮ್ಮನೆ ದುಡ್ಡು ಹಾಳು ಮಾಡಬೇಡ ಮಾರಾಯ, ಎಂದೆ. ಒಳಗೆ ಹೂಬತ್ತಿ ಹೊಸೆಯುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದಳು, "ಅವಳ ಮಾತು ಕೇಳಬೇಡ. ತಾ."